ರಾಜನ ಬದಲಿಗೆ ಯಾರು

ಆಗಸ್ಟ್ 4, ಸೋಮವಾರ. ಸ್ಟಾಫ್ ರೂಮ್, ಬೆಳಿಗ್ಗೆ 9.20

ಆರೂವರೆಗೆ ಇವರನ್ನು ಡಯಾಲಿಸಿಸ್ಸಿಗೆ ಬಿಟ್ಟೆ. ಕಿಟಕಿ ಪಕ್ಕದ ಬೆಡ್ ಸಿಕ್ಕಿತು. ನಿನ್ನೆ ಕದ್ದು ಎಳನೀರು ಕುಡಿದದ್ದು ತೂಕದಲ್ಲಿ ಸಿಕ್ಕಿಬಿತ್ತು. ನರ್ಸ್ ನನ್ನ ಮುಖ ನೋಡಿದಳು, ಕುಡಿದದ್ದು ನಾನೇ ಎಂಬ ಹಾಗೆ. ಅಲ್ಲಿಂದ ಬಸ್ಸು. ಕಾಣಿಯೂರಿನವರೆಗೆ ನಿಂತೇ ಬಂದೆ. ಪುತ್ತೂರಿನಿಂದ ಕಡಬಕ್ಕೆ ದಿನಾ ಹೋಗಿ ಬರುವುದು ಕಷ್ಟ ಅಲ್ವಾ ಎಂದು ಮೊದಲು ಕೇಳುತ್ತಿದ್ದವರು ಈಗ ಕೇಳುವುದಿಲ್ಲ. ಇವರಿಗೆ ಸೋಮವಾರ, ಗುರುವಾರ ಡಯಾಲಿಸಿಸ್. ಉಳಿದ ದಿನ ಪ್ರಿಂಟಿಂಗ್ ಪ್ರೆಸ್. ಪ್ರೆಸ್ಸಿನ ಬೋರ್ಡಿನಲ್ಲಿ 'ಕೃಷ್ಣಮೋಹನ' ಎಂದಿದೆ. ನನಗೆ ಮದುವೆಯಾದಂದಿನಿಂದ 'ಇವರು'.

ಎಂಟನೇ ಕ್ಲಾಸಿಗೆ ಲೈಬ್ರರಿ ಪೀರಿಯಡ್. ಜೂನಿನಿಂದ ಗ್ರೀಕರ ಪುರಾಣ ಹೇಳುತ್ತಿದ್ದೇನೆ. ಕಳೆದ ವಾರ ಮೇಣದ ರೆಕ್ಕೆ ಕಟ್ಟಿಕೊಂಡು ಹಾರಿ ಸಮುದ್ರಕ್ಕೆ ಬಿದ್ದ ಹುಡುಗನ ಕತೆ. ಅಪ್ಪನ ಮಾತು ಕೇಳಬೇಕು ಎಂಬ ನೀತಿ ಬರುತ್ತದೆ ಅಂದುಕೊಂಡಿದ್ದೆ. ನೆಲ್ಯಾಡಿಯ ಜಿಬಿನ್ ಕೈ ಎತ್ತಿದ. "ಮೇಣ ಯಾಕೆ ಹಾಕಿದ್ದು ಟೀಚರ್? ರಬ್ಬರ್ ಹಾಲು ಹಾಕ್ಬಹುದಿತ್ತು. ಬಿಸಿಲಿಗೆ ಒಣಗ್ತದೆ, ಕರಗುದಿಲ್ಲ." ಅವನ ಅಪ್ಪ ಏಲಿಯಾಸರದ್ದು ರಬ್ಬರ್ ತೋಟ. ಗ್ರೀಸಿನಲ್ಲಿ ರಬ್ಬರ್ ಇರಲಿಲ್ಲ ಅಂದೆ. "ಪಾಪ" ಅಂದ.

ಹೆಡ್ ಮೇಡಂ ಕರೆಸಿದರು. ನವೆಂಬರ್ ಹದಿನಾಲ್ಕಕ್ಕೆ ಮಕ್ಕಳ ಸಾಹಿತ್ಯ ಸಮ್ಮೇಳನ ನಮ್ಮ ಶಾಲೆಯಲ್ಲೇ. "ನಿಮ್ಮ ಗ್ರೀಕ್ ಕತೆಯನ್ನೇ ಒಂದು ತಾಳಮದ್ದಳೆ ಮಾಡಿಸಿ. ಹೊಸದಾಗಿ ಇರ್ತದೆ." ಆಯಿತು ಅಂದೆ. ಆಗುವುದಿಲ್ಲ ಅಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಇವರ ಕಿಡ್ನಿಯ ವಿಷಯ ಬರುತ್ತದೆ. ಆಮೇಲೆ ಅದೊಂದೇ ಮಾತು.

ಆಗಸ್ಟ್ 9, ಶನಿವಾರ. ಮಧ್ಯಾಹ್ನ

ಮಕ್ಕಳಿಗೆ ಮೂರು ಕತೆ ಹೇಳಿ ವೋಟಿಗೆ ಹಾಕಿದೆ. ಗೆದ್ದದ್ದು ಅಡ್ಮೀಟಸ್ ರಾಜನ ಕತೆ. ಒಬ್ಬ ದೇವರಿಗೆ ಅವನ ಮೇಲೆ ಪ್ರೀತಿ. ಒಂದು ವರ ಕೊಡಿಸುತ್ತಾನೆ. ಸಾಯುವ ದಿನ ಬಂದಾಗ, ಬದಲಿಗೆ ಬೇರೆ ಯಾರಾದರೂ ಬರಲು ಒಪ್ಪಿದರೆ ರಾಜ ಉಳಿಯಬಹುದು. ದಿನ ಬರುತ್ತದೆ. ಅಪ್ಪನಲ್ಲಿ ಕೇಳುತ್ತಾನೆ. ಮುದುಕ ಆಗುವುದಿಲ್ಲ ಅನ್ನುತ್ತಾನೆ. ಅಮ್ಮನೂ ಇಲ್ಲ. ಹೆಂಡತಿ ಆಲ್ಸೆಸ್ಟಿಸ್ ನಾನು ಹೋಗುತ್ತೇನೆ ಅನ್ನುತ್ತಾಳೆ. ಹೋಗುತ್ತಾಳೆ. ಕೊನೆಗೆ ರಾಜನ ಗೆಳೆಯ, ಒಬ್ಬ ಮಹಾಬಲಶಾಲಿ, ಯಮನ ಹತ್ತಿರ ಕುಸ್ತಿ ಮಾಡಿ ಅವಳನ್ನು ವಾಪಸು ತರುತ್ತಾನೆ.

ವೋಟು ಬಿದ್ದದ್ದು ಕುಸ್ತಿಗೆ. ಶ್ರೀಶ ಆಗಲೇ ತೋಳು ಮಡಚಿ ತೋರಿಸುತ್ತಿದ್ದ.

ಕತೆ ಆರಿಸಿದ್ದು ಮಕ್ಕಳು. ಆದರೆ ಮೂರರಲ್ಲಿ ಅದನ್ನೂ ಒಂದಾಗಿ ಇಟ್ಟದ್ದು ನಾನು. ಇಡಬೇಕೆಂದೇ ಇಟ್ಟೆನಾ, ಗೊತ್ತಿಲ್ಲ.

ಆಗಸ್ಟ್ 17, ಭಾನುವಾರ. ರಾತ್ರಿ ಊಟಕ್ಕೆ ಮೊದಲು

ಸೋಣ ಸಂಕ್ರಮಣ, ಹೊಸ್ತಿಲು ಪೂಜೆಯ ತಿಂಗಳ ಶುರು. ಸುಳ್ಯಕ್ಕೆ ಹೋಗಿ ಬಂದೆವು, ಮೈದುನ ಸುದರ್ಶನನ ಮನೆಗೆ. ಅತ್ತೆ ಇರುವುದು ಅಲ್ಲೇ. ಹೊಸ್ತಿಲಿಗೆ ಹೂವಿಟ್ಟು ಕೈಮುಗಿದು ನನ್ನನ್ನು ಬರಮಾಡಿಕೊಂಡರು. ಯಾವತ್ತೂ ಇಷ್ಟು ಪ್ರೀತಿಯಿಂದ ಪಾಯಸ ಬಡಿಸಿದವರಲ್ಲ.

ಊಟದ ಮೇಲೆ ವಿಷಯ ಬಂತು. ಡಾಕ್ಟರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಅಂದು ತಿಂಗಳಾಯಿತು. ಅತ್ತೆಗೆ ವಯಸ್ಸಾಯಿತು, ಶುಗರ್ ಬೇರೆ. ಸುದರ್ಶನ ತನಗೆ ಬಿಪಿ ಉಂಟು ಅಂದ. ಯಾವಾಗಿನಿಂದ ಎಂದು ಯಾರೂ ಕೇಳಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಮೆಂಟ್ ಮೂಟೆ ಈಗಲೂ ಅವನೇ ಎತ್ತಿ ಇಡುವುದು. "ಬ್ಲಡ್ ಗ್ರೂಪ್ ನೋಡ್ಬೇಕಲ್ಲ ಅಣ್ಣ" ಅಂದ.

"ಅದೆಲ್ಲ ಎಂತಕ್ಕೆ? ರಾಜೀವಿ ಇದ್ದಾಳಲ್ಲ" ಅಂದರು ಅತ್ತೆ. "ಅವಳದ್ದು ಎಲ್ಲರಿಗೂ ಆಗುವ ರಕ್ತ ಅಲ್ವಾ?"

ಹೌದು, ಓ ಪಾಸಿಟಿವ್. ಅದು ಹೇಗೋ ಅವರಿಗೆ ಗೊತ್ತಿದೆ. ನನ್ನ ಹುಟ್ಟಿದ ದಿನ ಗೊತ್ತಿಲ್ಲ.

ಸುದರ್ಶನನ ಮುಖ ನೋಡಬೇಕಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. "ಅತ್ತಿಗೆ ಅಂದ್ರೆ ಅತ್ತಿಗೆಯೇ" ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ. ಇವರು ಎಲೆ ಮಡಚುತ್ತಿದ್ದರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನಾನು ಆ ಹೋಳಿಗೆ ತಿಂದು ಮುಗಿಸಿದೆ. ಕಾರಿನಲ್ಲಿ ಬರುವಾಗ ಡೀಸೆಲ್ ರೇಟಿನ ಬಗ್ಗೆ ಮಾತಾಡಿದೆವು.

ಆಗಸ್ಟ್ 24, ಭಾನುವಾರ

ಮೈಸೂರಿನಿಂದ ಅನಘಾಳ ಫೋನು. ಸ್ಪೀಕರಿನಲ್ಲಿ ಹಾಕಿದ್ದೆ. ಎಂಎಸ್ಸಿ ಇಂಟರ್ನಲ್ಸ್ ಮುಗಿಯಿತಂತೆ. ಮತ್ತೆ ಒಂದೇ ಉಸಿರಿಗೆ "ಅಪ್ಪಾ, ನಾನು ಕೊಡ್ತೇನೆ, ನಂದು ಟೆಸ್ಟ್ ಮಾಡಿಸಿ" ಅಂದಳು.

"ಬೇಡ" ಅಂದರು ಇವರು. ಅವಳ ಮಾತು ಮುಗಿದಿರಲಿಲ್ಲ. "ಆ ಮಾತು ಇನ್ನು ಎತ್ಲಿಕ್ಕಿಲ್ಲ. ಬೇಡ ಅಂದ್ರೆ ಬೇಡ."

ಸರಿಯೇ. ಮಗಳು ಕೊಡುವುದು ನನಗೂ ಬೇಡ. ಪಾತ್ರೆ ತೊಳೆಯುವಾಗ ಇನ್ನೊಂದು ಹೊಳೆಯಿತು. ಬೇಡ ಎಂಬ ಶಬ್ದ ಇವರಿಗೆ ಬರುತ್ತದೆ. ಒಂದು ಕ್ಷಣವೂ ತಡವಾಗದೆ ಬರುತ್ತದೆ. ಸುಳ್ಯದಲ್ಲಿ ಬರಲಿಲ್ಲ.

ಸಿಟ್ಟು ಬಂತು. ಬರೆದಿಡುತ್ತೇನೆ, ಸಿಟ್ಟು ಬಂತು.

ಸೆಪ್ಟೆಂಬರ್ 6, ಶನಿವಾರ. ಸಂಜೆ

ಮೊದಲ ರಿಹರ್ಸಲ್. ಭಾಗವತಿಕೆಗೆ ಪೆರಾಬೆಯ ರಾಧಾಕೃಷ್ಣ ಭಾಗವತರು ಬಂದಿದ್ದರು. ಪೋಸ್ಟಾಫೀಸಿನಿಂದ ನಿವೃತ್ತರಾದವರು. ಪದ್ಯವನ್ನೂ ಟಪಾಲಿನ ಹಾಗೆ ಟೈಮಿಗೆ ಸರಿಯಾಗಿ ಮುಟ್ಟಿಸಬೇಕು ಅವರಿಗೆ. "ಅಡ್ಮೀಟಸ್ ಅಂತ ತಾಳಕ್ಕೆ ಕೂರುದಿಲ್ಲ ಮಾರಾಯ್ರೆ" ಅಂದರು. ಭೂಪ ಅಂದುಬಿಡಿ ಅಂದೆ. ಆಲ್ಸೆಸ್ಟಿಸ್ 'ಸತಿ' ಆದಳು. ಪದ್ಯ ಬರೆದವಳು ನಾನೇ, ತಕರಾರು ಮಾಡುವವರಿಲ್ಲ.

ಭೂಪ, ಜಿಬಿನ್. ಅವನಿಗೆ ತಾಳಮದ್ದಳೆ ಹೊಸತು.

"ಡ್ರೆಸ್ ಇಲ್ವಾ ಟೀಚರ್?"

"ಇಲ್ಲ. ಕುರ್ಚಿಯಲ್ಲಿ ಕೂತು ಮಾತಾಡುದು ಮಾತ್ರ. ಭಾಗವತರು ಪದ್ಯ ಹೇಳ್ತಾರೆ, ನೀನು ಅದಕ್ಕೆ ಅರ್ಥ ಹೇಳುದು. ಮಾತು ನಿನ್ನದೇ, ಹೇಗೆ ಬೇಕಾದ್ರೂ ಹೇಳು. ಆದ್ರೆ ಮುಂದಿನ ಪದ್ಯಕ್ಕೆ ಬಂದು ಸೇರ್ಬೇಕು. ಪದ್ಯ ದಾಟ್ಲಿಕ್ಕಿಲ್ಲ."

"ಬಸ್ಸಿನ ಹಾಗೆ. ಎಲ್ಲಿ ಬೇಕಾದ್ರೂ ಕೂತ್ಕೊಳ್ಬಹುದು, ರೂಟ್ ಬದಲಿಲ್ಲ" ಅಂದಳು ನಿಖಿತಾ.

ಅವಳೇ ರಾಣಿ. ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವಳಲ್ಲ. ಶ್ರೀಶ ಬಲಶಾಲಿ. ಮುದಿ ಅಪ್ಪನಾಗಿ ಯಶಸ್ವಿ. ಎದುರಾಳಿಯ ಬಾಯಿಯಿಂದಲೇ ಮಾತು ಹೊರಡಿಸುವುದು ಹೇಗೆ ಎಂದು ಕಲಿಸಿದೆ. ಪ್ರಶ್ನೆ ಹಾಕು, ಉತ್ತರ ಬರುವವರೆಗೆ ಬಿಡಬೇಡ. ಯಶಸ್ವಿ ಕೂಡಲೇ ಕಲಿತ. "ಮಗನೇ, ನಿನಗೆ ಬಿಸಿಲು ಇಷ್ಟ. ಮುದುಕನಿಗೆ ಬಿಸಿಲು ಇಷ್ಟವಿಲ್ಲವೆಂದು ನಿನಗೆ ಯಾರು ಹೇಳಿದರು?" ಭಾಗವತರು ಜಾಗಟೆ ಕೆಳಗಿಟ್ಟು ಶಹಬ್ಬಾಸ್ ಅಂದರು. ನನಗೂ ಖುಷಿಯಾಯಿತು. ಎಷ್ಟೋ ದಿನಗಳಲ್ಲಿ ಮೊದಲ ಸಲ.

ಸೆಪ್ಟೆಂಬರ್ 30, ಮಂಗಳವಾರ. ಸಂಜೆ 7

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ನನ್ನ ಕಿಡ್ನಿ ಹೊಂದುತ್ತದಾ ಎಂದು ನೋಡಲು ರಕ್ತ ಕೊಟ್ಟೆ, ಸ್ಕ್ಯಾನ್‌ಗೆ ಮಲಗಿದೆ, ಮತ್ತೆ ರಕ್ತ ಕೊಟ್ಟೆ.

ದಸರಾ ರಜೆ. ಇವತ್ತು ಇಬ್ಬರೂ ಮಂಗಳೂರಿನ ಆಸ್ಪತ್ರೆಗೆ. ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಮಿಸ್ರಿಯಾ ಎಂಬವಳು. ಮೂವತ್ತು ದಾಟಿರಲಿಕ್ಕಿಲ್ಲ. "ಸರ್ ಹೊರಗೆ ಕೂತ್ಕೊಳ್ಳಿ" ಎಂದು ಇವರನ್ನು ಕಳಿಸಿ ಬಾಗಿಲು ಹಾಕಿದಳು. ನನಗೆ ನೀರು ಕೊಟ್ಟಳು.

"ಮೇಡಂ, ನಿಮ್ಮ ಇಷ್ಟದಿಂದಲೇ ಕೊಡುದಾ?"

ಹೌದು ಎಂದು ಬಾಯಿ ತೆರೆದೆ. ಅದರ ಬದಲು ನೀರು ಕುಡಿದೆ. ಅವಳಿಗೆ ಅದು ಅಭ್ಯಾಸವಿರಬೇಕು, ಅವಸರ ಮಾಡಲಿಲ್ಲ.

"ಇಲ್ಲಿ ಹೇಳಿದ್ದು ಹೊರಗೆ ಹೋಗುದಿಲ್ಲ. ಬೇಡ ಅಂತ ಇದ್ರೆ ನಂಗೆ ಒಂದು ಫೋನ್ ಮಾಡಿ. ನಿಮ್ಮದು ಅವರಿಗೆ ಆಗುದಿಲ್ಲ ಅಂತ ಮಾತ್ರ ನಾವು ಹೇಳುದು. ಯಾಕೆ ಅಂತ ಯಾರಿಗೂ ಹೇಳ್ಲಿಕ್ಕಿಲ್ಲ. ಸರ್‌ಗೂ ಇಲ್ಲ."

ಆಲೋಚನೆ ಮಾಡಿ ಹೇಳುತ್ತೇನೆ ಅಂದೆ.

ವಾಪಸು ಬರುವಾಗ ಕಾರು ನಾನೇ ಓಡಿಸಿದ್ದು. ಫರಂಗಿಪೇಟೆ ದಾಟುವಾಗ ಅಳು ಬಂತು. ತಡೆಯಲು ಆಗಲಿಲ್ಲ. ಜುಲೈಯಿಂದ ಎಷ್ಟು ಜನ ಈ ವಿಷಯ ಮಾತಾಡಿದ್ದಾರೆ. ನನ್ನಲ್ಲಿ ಕೇಳಿದವಳು ಗುರುತೂ ಇಲ್ಲದ ಒಬ್ಬಳು. ಕಣ್ಣು ಒರೆಸಿಕೊಂಡೆ.

"ಧೂಳಾ?" ಎಂದು ಇವರು ಕಿಟಕಿಯ ಗ್ಲಾಸು ಏರಿಸಿದರು.

ಈಗ ಒಂದು ಬಾಗಿಲು ಇದೆ. ಒಂದು ಫೋನು ಮಾಡಿದರೆ ಮುಗಿಯಿತು. ಅತ್ತೆ ನನ್ನ ರಕ್ತವನ್ನು ಬೈದಾರು, ನನ್ನನ್ನು ಬೈಯಲಾರರು. ಇವರು ವಾರಕ್ಕೆರಡು ಸಲ ಸೂಜಿ ಚುಚ್ಚಿಸಿಕೊಂಡು ಎಷ್ಟು ವರ್ಷ ಸಾಗುತ್ತದೋ ಅಷ್ಟು. ಡಾಕ್ಟರ್ ಲೆಕ್ಕ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಾಯಲಿ ಎಂದು ನನಗೆ ಇಲ್ಲ. ದೇವರಾಣೆ ಇಲ್ಲ. ಆದರೂ ಬಾಗಿಲು ಇದೆ ಎಂದು ಗೊತ್ತಾದ ಮೇಲೆ ಮೈ ಹಗುರಾಯಿತು.

ಅಕ್ಟೋಬರ್ 12, ಭಾನುವಾರ

ಪ್ರಸಂಗದ ಪದ್ಯಗಳ ಪುಸ್ತಕ ನಮ್ಮ ಪ್ರೆಸ್ಸಿನಲ್ಲೇ, ಶಾಲೆಗೆ ಉಚಿತ. ಡಿಟಿಪಿ ಇವರೇ ಮಾಡಿದರು. ಸೂಜಿ ಚುಚ್ಚುವ ಎಡಗೈ ಮೇಜಿನ ಮೇಲಿಟ್ಟು ಬಲಗೈಯಲ್ಲೇ ಟೈಪು. ಎರಡು ಸಲ ಪ್ರೂಫ್ ನೋಡಿದರು. ನನ್ನ ಒಂದೆರಡು ಪ್ರಾಸ ಸರಿ ಮಾಡಿದರು. ಅಂದರೆ ಪೂರ್ತಿ ಓದಿದ್ದಾರೆ. ರಾಜ ಯಾರಲ್ಲೆಲ್ಲ ಕೇಳಿದ, ರಾಣಿ ಹೇಗೆ ತಾನಾಗಿ ಎದ್ದು ನಿಂತಳು, ಎಲ್ಲ.

ಹೇಗುಂಟು ಅಂತ ಕೇಳಿದೆ.

"ಅಕ್ಷರ ಸ್ವಲ್ಪ ದೊಡ್ಡದು ಮಾಡುವ. ಮಕ್ಕಳು ಓದುದಲ್ವಾ?" ಅಂದರು.

ನವೆಂಬರ್ 1, ಶನಿವಾರ

ಧ್ವಜಾರೋಹಣದ ಮೇಲೆ ರಿಹರ್ಸಲ್. ನಿಖಿತಾ ಮುಖ ಊದಿಸಿಕೊಂಡಿದ್ದಳು. ಮೂಲ ಕತೆಯಲ್ಲಿ ರಾಣಿ ಸಾವಿನಿಂದ ಮರಳಿ ಬಂದ ಮೇಲೆ ಮೂರು ದಿನ ಮಾತಾಡುವುದಿಲ್ಲ. ಮುಸುಕು ಹಾಕಿ ನಿಂತಿರುತ್ತಾಳೆ. ನಾನು ಹಾಗೇ ಇಟ್ಟಿದ್ದೆ.

"ಮಾತಾಡದಿದ್ರೆ ನಾನು ಎಂತಕ್ಕೆ ಕುರ್ಚಿಯಲ್ಲಿ ಕೂರುದು ಟೀಚರ್? ಯಾರೂ ನೋಡ್ಲಿಕ್ಕೆ ಬರುದಲ್ಲ, ಕೇಳ್ಲಿಕ್ಕೆ ಬರುದು."

"ಕತೆ ಹಾಗೇ ಉಂಟು."

"ಹಾಗಾದ್ರೆ ಹೋಗುವ ಮೊದಲೇ ಮಾತಾಡಿ ಮುಗಿಸ್ತೇನೆ."

ಮಾತಾಡು, ಆದರೆ ಕೊನೆಗೆ ಪದ್ಯಕ್ಕೆ ಬಂದು ಸೇರು ಅಂದೆ. ಮಿಸ್ರಿಯಾಳಿಗೆ ಇನ್ನೂ ಫೋನು ಮಾಡಿಲ್ಲ. ಆಕಡೆಯೂ ಇಲ್ಲ, ಈಕಡೆಯೂ ಇಲ್ಲ.

ನವೆಂಬರ್ 14, ಶುಕ್ರವಾರ. ಸಂಜೆ 6.40

ತಲೆನೋವು. ಆದರೂ ಬರೆಯಬೇಕು, ಆಮೇಲೆ ನೆನಪು ಬದಲಾಗುತ್ತದೆ.

ಹಾಲ್ ತುಂಬಿತ್ತು. ಇವರೂ ಬಂದಿದ್ದರು. ಪುಸ್ತಕ ಮುದ್ರಿಸಿಕೊಟ್ಟದ್ದಕ್ಕೆ ಶಾಲು ಹೊದಿಸಲು ಹೆಡ್ ಮೇಡಂ ಕರೆದಿದ್ದರು. ಎರಡನೇ ಸಾಲಿನಲ್ಲಿ ಶಾಲು ಮಡಿಲಲ್ಲಿಟ್ಟು ಕೂತಿದ್ದರು. ಉದ್ಘಾಟನೆ ಒಂದೂವರೆ ಗಂಟೆ ಎಳೆಯಿತು. ತಾಳಮದ್ದಳೆಗೆ ಉಳಿದದ್ದು ಮುಕ್ಕಾಲು ಗಂಟೆ.

ಅಪ್ಪ ಮಗನ ವಾದ ಚೆನ್ನಾಗಿ ಬಂತು. ಚಪ್ಪಾಳೆ. ಮತ್ತೆ ರಾಣಿಯ ಪದ್ಯ. ಸತಿ ಎದ್ದು ನಿಂತು ನಾನು ಹೋಗುವೆ ಅನ್ನಬೇಕು, ಭೂಪ ಕಣ್ಣೀರಿಟ್ಟು ಒಪ್ಪಬೇಕು. ನಿಖಿತಾ ಯೂನಿಫಾರ್ಮಿನ ವೇಲು ಸರಿಮಾಡಿಕೊಂಡಳು.

"ಪ್ರಭು, ತಂದೆಯವರಲ್ಲಿ ಕೇಳಿದಿರಿ. ತಾಯಿಯವರಲ್ಲಿ ಕೇಳಿದಿರಿ. ಊರಿನ ಮುದುಕರಲ್ಲಿಯೂ ಕೇಳಿದಿರಿ. ನನ್ನಲ್ಲಿ ಮಾತ್ರ ಯಾಕೆ ಕೇಳಲಿಲ್ಲ?"

ರಿಹರ್ಸಲಿನಲ್ಲಿ ಇದು ಇರಲಿಲ್ಲ. ಜಿಬಿನ್ ತಡವರಿಸಲಿಲ್ಲ. "ನೀನು ನನ್ನ ಅರ್ಧಾಂಗಿಯಲ್ಲವೇ? ನನ್ನದೇ ಅರ್ಧ ದೇಹದಲ್ಲಿ ನಾನು ಕೇಳುವುದೇನು?"

ಒಳ್ಳೆ ಉತ್ತರ. ಸಭೆ ತಲೆದೂಗಿತು. ಹುಡುಗ ಕಲಿತಿದ್ದಾನೆ ಅಂದುಕೊಂಡೆ.

"ಆ ಅರ್ಧಕ್ಕೂ ಒಂದು ಬಾಯಿ ಉಂಟಲ್ಲ ಪ್ರಭು? ನೀವು ಕಾದು ಕೂತಿರಿ. ಇವಳು ತಾನಾಗಿ ಹೇಳಲಿ ಎಂದು ಕಾದು ಕೂತಿರಿ. ಹಾಗಾಗುವುದಿಲ್ಲ. ಬಾಯಿ ಬಿಟ್ಟು ಕೇಳಿ. ಕೇಳಿದರೆ ಉತ್ತರ ಕೊಡುತ್ತೇನೆ. ಕೇಳದೆ ಕೊಡುವುದಿಲ್ಲ."

ಜಿಬಿನ್ ನನ್ನತ್ತ ನೋಡಿದ. ನಾನು ಪುಸ್ತಕ ನೋಡಿದೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲದ್ದಲ್ಲ.

"ರಾಣಿ" ಅಂದ. "ನೀನು ನನಗಾಗಿ..." ನಿಂತ. ನೀರು ಕುಡಿದ. "ನನ್ನ ಬದಲಿಗೆ ನೀನು..." ಮತ್ತೆ ನಿಂತ. ಮದ್ದಳೆಯವರು ಸಣ್ಣಕ್ಕೆ ಒಂದು ಪೆಟ್ಟು ಕೊಟ್ಟರು, ಮುಂದುವರಿ ಎಂದು. ಹುಡುಗನ ಕಿವಿ ಕೆಂಪಾಗಿತ್ತು.

"ಇಲ್ಲ. ಬೇಡ. ಆಗುದಿಲ್ಲ. ನಾನೇ ಹೋಗ್ತೇನೆ."

ಅಷ್ಟೇ. ಮನೆಯಲ್ಲಿ ಮಾತಾಡುವ ಹಾಗೆ ಹೇಳಿ ಕೈಕಟ್ಟಿ ಕೂತ. ನಿಖಿತಾ ಭಾಗವತರ ಕಡೆ ನೋಡಿದಳು. ಇನ್ನು ಮುಂದಿನ ಪದ್ಯ ಹೇಳುವುದು ಹೇಗೆ? ರಾಜ ಒಪ್ಪಿದರಲ್ಲವಾ ರಾಣಿ ಹೋಗುವುದು? ರಾಧಾಕೃಷ್ಣ ಭಾಗವತರು ಪುಟ ತಿರುಗಿಸಿದರು, ಇನ್ನೊಂದು ತಿರುಗಿಸಿದರು, ಗೋಡೆಯ ಗಡಿಯಾರ ನೋಡಿದರು. ಅತಿಥಿಗಳಿಗೆ ಸುಬ್ರಹ್ಮಣ್ಯದಲ್ಲಿ ಇನ್ನೊಂದು ಕಾರ್ಯಕ್ರಮ ಇತ್ತು. ಕಣ್ಣು ಮುಚ್ಚಿ ಮಂಗಳ ಹಾಡಿಬಿಟ್ಟರು.

ಮಂಗಳ ಹಾಡಿದ ಮೇಲೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಮುಗಿಯಿತು. ಶ್ರೀಶ ಪರದೆಯ ಹಿಂದೆ ಬಿಕ್ಕಿ ಬಿಕ್ಕಿ ಅತ್ತ. ಅವನಿಗೆ ಕುಸ್ತಿಯೂ ಇಲ್ಲ, ಯಮನೂ ಇಲ್ಲ. ಮುಂದಿನ ಸಾಲಿನ ಒಂದು ಸಣ್ಣ ಹುಡುಗಿ "ಹಾಗಾದ್ರೆ ರಾಜ ಸತ್ತನಾ?" ಎಂದು ಗಟ್ಟಿಯಾಗಿ ಕೇಳಿತು. ಅತಿಥಿಗಳು ಎದ್ದು ಇದು ಆದರ್ಶ ದಾಂಪತ್ಯದ ಕತೆ ಎಂದು ಹೊಗಳಿ ಹೊರಟರು.

ಜಿಬಿನ್ ಬಂದ. "ಸಾರಿ ಟೀಚರ್. ಕೇಳ್ಲಿಕ್ಕೆ ಹೋದೆ. ಆಗ್ಲಿಲ್ಲ."

"ಮಾತು ಮರೆತುಹೋಯ್ತಾ?"

"ಇಲ್ಲ. ಕೇಳಿದ ಮೇಲೆ ಅವಳು ಹೂಂ ಹೇಳಿಬಿಟ್ರೆ ಅಂತ."

ತಲೆ ಸವರಿ ಕಳಿಸಿದೆ. ಬೈಯಬೇಕಿತ್ತು, ಪದ್ಯ ದಾಟಿದ್ದಾನೆ.

ಕಾರಿನಲ್ಲಿ ಇವರು ಶಾಲು ಮಡಚಿ ಹಿಂದಿನ ಸೀಟಿಗಿಟ್ಟರು. ಕಾಣಿಯೂರಿನ ಹತ್ತಿರ ಬಂದಾಗ, "ಆ ಹುಡುಗ ಯಾರ ಮಗ?" ಅಂದರು.

"ಏಲಿಯಾಸ್ ಅಂತ. ನೆಲ್ಯಾಡಿ."

"ಹೂಂ" ಅಂದರು.

ನವೆಂಬರ್ 17, ಸೋಮವಾರ

ಡಯಾಲಿಸಿಸ್ ನಡುವೆ ಬಿಪಿ ಇಳಿಯಿತಂತೆ. ಸೆಂಟರಿನಿಂದ ಶಾಲೆಗೆ ಫೋನು. ಅರ್ಧ ದಿನ ರಜೆ ಹಾಕಿ ಓಡಿದೆ. ಬಂದು ನೋಡಿದರೆ ಬಿಸ್ಕೆಟ್ ತಿನ್ನುತ್ತಾ ಕೂತಿದ್ದರು. ಅವರ ಪ್ಯಾಕೆಟಿನಿಂದ ಒಂದು ನಾನೂ ತಿಂದೆ.

ಮಿಸ್ರಿಯಾ ಫೋನು ಮಾಡಿದ್ದಳು. ರಿಪೋರ್ಟ್ ಎಲ್ಲ ಸರಿ ಇದೆ. "ಅವಸರ ಇಲ್ಲ ಮೇಡಂ. ಆದ್ರೆ ತಿಂಗಳ ಒಳಗೆ ಒಂದು ಹೇಳಿ."

ನವೆಂಬರ್ 20, ಗುರುವಾರ. ಡಯಾಲಿಸಿಸ್ ಸೆಂಟರಿನ ಹೊರಗೆ, 11.00

ಸೋಮವಾರದ ಹೆದರಿಕೆಗೆ ಇವತ್ತು ಪೂರ್ತಿ ರಜೆ. ಹತ್ತೂವರೆಗೆ ಮಷೀನಿನಿಂದ ಬಿಡಿಸಿದರು. ಕೈಗೆ ಹತ್ತಿ ಒತ್ತಿ ಹಿಡಿದು ಕಾರಿಡಾರಿನ ಬೆಂಚಿನಲ್ಲಿ ಕೂತರು. ಏಳಲು ಹೇಳಿದೆ. ಏಳಲಿಲ್ಲ.

"ರಾಜೀವಿ, ಆ ಹುಡುಗನಷ್ಟು ಧೈರ್ಯ ನಂಗೆ ಇಲ್ಲ" ಅಂದರು.

ಯಾವ ಹುಡುಗ ಎಂದು ಕೇಳುವ ಅಗತ್ಯ ಇರಲಿಲ್ಲ.

"ಬೇಡ ಅಂತ ಹೇಳ್ಬೇಕು ಅಂತ ಮೂರು ತಿಂಗಳಿಂದ ಉಂಟು. ಬಾಯಿಗೆ ಬರುದಿಲ್ಲ. ನಂಗೆ ಬದುಕ್ಬೇಕು. ಆಸೆ ಉಂಟು. ನೀನಾಗಿ ಹೇಳಿದ್ರೆ ನಾನು ಕೇಳುದು ತಪ್ತದೆ ಅಂತ ಸುಮ್ಮನೆ ಕೂತೆ. ಸುಳ್ಯದಲ್ಲಿಯೂ ಸುಮ್ಮನೆ ಕೂತೆ. ತಪ್ಪು ಅದು."

ಎದುರು ಬೆಂಚಿನಲ್ಲಿ ಒಬ್ಬರು ಪೇಪರ್ ಓದುತ್ತಿದ್ದರು. ಓದುವುದು ನಿಲ್ಲಿಸಿದರು.

"ಈಗ ಕೇಳ್ತೇನೆ. ನಿನ್ನ ಕಿಡ್ನಿ ನಂಗೆ ಕೊಡ್ತೀಯಾ? ಇಲ್ಲ ಅಂತ ನೀನು ಹೇಳ್ಬಹುದು. ಅಮ್ಮನಿಗೆ, ಸುದರ್ಶನನಿಗೆ ನಾನೇ ಬೇಡ ಅಂದದ್ದು ಅಂತ ಹೇಳ್ತೇನೆ."

ಹೂಂ ಎಂದು ಬಾಯಿಯ ತುದಿಯವರೆಗೆ ಬಂತು. ಈ ಹೂಂ ಎಷ್ಟು ಸಲೀಸಾಗಿ ಬರುತ್ತದೆ ನನಗೆ. ಶಾಲೆಯಲ್ಲಿ, ಅಡುಗೆಮನೆಯಲ್ಲಿ. ತಡೆದೆ.

"ಸೋಮವಾರ ಹೇಳ್ತೇನೆ" ಅಂದೆ.

ಮುಖ ಬಿಳಿಚಿತು. ಇವರು ನಿರೀಕ್ಷಿಸಿದ್ದು ಇದಲ್ಲ. ಕೈಯ ಹತ್ತಿ ಎತ್ತಿ ನೋಡಿ ಮತ್ತೆ ಒತ್ತಿದರು. "ಆಯ್ತು. ಸರಿ" ಅಂದರು. ಈಗ ಆಟೋ ಕರೆಯಲು ಹೋಗಿದ್ದಾರೆ, ಅವರೇ.

ನವೆಂಬರ್ 22, ಶನಿವಾರ. ಮಧ್ಯಾಹ್ನ 3

ಸುದರ್ಶನನ ಫೋನು.

"ಅತ್ತಿಗೆ, ಡೇಟ್ ಎಂತ ಆಯ್ತಾ? ಅಂಗಡಿಗೆ ಜನ ನೋಡ್ಬೇಕಲ್ಲ ನಾನು ಬರ್ಬೇಕಿದ್ರೆ."

"ಇಲ್ಲ. ನಾನು ಇನ್ನೂ ಉತ್ತರ ಹೇಳ್ಲಿಲ್ಲ."

"ಯಾರಿಗೆ?"

"ನಿಮ್ಮ ಅಣ್ಣನಿಗೆ. ಕೇಳಿದ್ದಾರೆ."

"ಅದ್ರಲ್ಲಿ ಕೇಳುದು ಎಂತ ಅತ್ತಿಗೆ?" ಅಂದ. ನಿಜವಾಗಿಯೂ ಅರ್ಥವಾಗಿರಲಿಲ್ಲ ಅವನಿಗೆ. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು, ಹೊರುವವರಲ್ಲಿ ಯಾರು ಕೇಳುತ್ತಾರೆ? ಬಿಪಿ ಹೇಗುಂಟು ಎಂದು ವಿಚಾರಿಸಿ ಫೋನು ಇಟ್ಟೆ.

ಎರಡು ದಿನದಿಂದ ಮನೆ ವಿಚಿತ್ರವಾಗಿದೆ. ಇವರು ನನ್ನ ಮುಖ ನೋಡಿ ಮಾತಾಡುತ್ತಾರೆ. ಒತ್ತಾಯ ಇಲ್ಲ, ಓಲೈಸುವುದೂ ಇಲ್ಲ. ಕಾಯುತ್ತಿದ್ದಾರೆ, ಆದರೆ ಮೊದಲಿನ ಹಾಗೆ ಅಲ್ಲ.

ಕೂತು ಆಲೋಚಿಸಿದೆ. ಕೊಡಬಾರದು ಎಂದು ನನಗೆ ಇಲ್ಲ. ಇದ್ದದ್ದು ಸಿಟ್ಟು. ಅದು ಸ್ವಲ್ಪ ಸರಿದ ಮೇಲೆ ಕೆಳಗೆ ಇನ್ನೊಂದು ಕಾಣುತ್ತಿದೆ. ಹೆದರಿಕೆ. ಬರೇ ಹೆದರಿಕೆ, ಮಕ್ಕಳಿಗೆ ಇಂಜೆಕ್ಷನ್ನಿಗೆ ಆಗುವಂಥದ್ದು. ಇದನ್ನು ಇದುವರೆಗೆ ಯಾರಲ್ಲಿಯೂ ಹೇಳಿಲ್ಲ. ಇಲ್ಲೂ ಬರೆದಿಲ್ಲ.

ನವೆಂಬರ್ 24, ಸೋಮವಾರ. ಸಂಜೆ 6.15

ಬೆಳಿಗ್ಗೆ ಹೇಳಲು ಆಗಲಿಲ್ಲ. ಇವರು ಸೆಂಟರಿನಿಂದ ಬಂದು ಮಲಗಿದ್ದರು. ಐದೂವರೆಗೆ ನಾನು ಶಾಲೆಯಿಂದ ಬಂದಾಗ ಎದ್ದರು. ಜಗಲಿಯಲ್ಲಿ ಅರ್ಧ ಲೋಟ ಚಹಾ ಕೊಟ್ಟು ಎದುರು ಕೂತೆ. ಇವತ್ತು ಸೋಮವಾರ ಎಂದು ಇಬ್ಬರಿಗೂ ಗೊತ್ತು.

"ಕೊಡ್ತೇನೆ" ಅಂದೆ.

ಲೋಟ ಕೆಳಗಿಟ್ಟರು. ಕಣ್ಣಲ್ಲಿ ನೀರು ಬಂತು. ಕಂಡೂ ಕಾಣದ ಹಾಗೆ ಮುಂದುವರಿಸಿದೆ, ನಿಲ್ಲಿಸಿದರೆ ಉಳಿದದ್ದು ಹೊರಡುವುದಿಲ್ಲ.

"ಆದ್ರೆ ನಂಗೆ ಹೆದರಿಕೆ ಆಗ್ತದೆ."

ಎಂತ ಆಗುದಿಲ್ಲ, ಡಾಕ್ಟರ್ ಹೇಳಿದ್ದಾರಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ಎಂತದ್ದು ಹೆದರಿಕೆ? ಹೇಳು" ಅಂದರು.

ಹೇಳಿದೆ. ಅರಿವಳಿಕೆ ಕೊಟ್ಟ ಮೇಲೆ ಏಳದಿದ್ದರೆ. ಉಳಿದ ಒಂದು ಕೆಟ್ಟರೆ. ನನ್ನದು ನಿಮ್ಮ ಮೈಗೆ ಹಿಡಿಯದೆ ಇಬ್ಬರ ಆಪರೇಷನ್ನೂ ವ್ಯರ್ಥವಾದರೆ. ಇಬ್ಬರಿಗೂ ಏನಾದರೂ ಆಗಿ ಅನಘಾ ಒಬ್ಬಳೇ ಉಳಿದರೆ. ಕೊಟ್ಟ ಮೇಲೂ ನಿಮ್ಮ ಮೇಲಿನ ಸಿಟ್ಟು ಹೋಗದಿದ್ದರೆ. ಒಂದೊಂದಕ್ಕೂ ಹೂಂಗುಟ್ಟಿ ಕೇಳುತ್ತಿದ್ದವರು ಕೊನೆಯದಕ್ಕೆ ತಲೆ ಎತ್ತಿದರು.

"ಸಿಟ್ಟು ಉಂಟಾ?"

"ಉಂಟು."

"ಎಷ್ಟು ಸಮಯದಿಂದ?"

ಉತ್ತರ ಹುಡುಕುತ್ತಿದ್ದಂತೆ ಕುಕ್ಕರ್ ಕೂಗಿತು. ಒಲೆ ಆರಿಸಲು ಒಳಗೆ ಬಂದವಳು, ಎಲ್ಲಿ ಮರೆತುಹೋಗುತ್ತದೋ ಎಂದು ನಿಂತಲ್ಲೇ ಇದಿಷ್ಟು ಗೀಚುತ್ತಿದ್ದೇನೆ. ಹೊರಗಿನಿಂದ ಕರೆಯುತ್ತಿದ್ದಾರೆ. "ರಾಜೀವಿ, ಮುಗೀಲಿಲ್ಲ ಅಲ್ವಾ? ಬಾ ಇಲ್ಲಿ. ಎಷ್ಟು ಸಮಯದಿಂದ ಅಂತ ನಂಗೆ ಗೊತ್ತಾಗ್ಬೇಕು." ಹೋಗುತ್ತೇನೆ. ಶುರುವಿನಿಂದ ಹೇಳಬೇಕು, ಮದುವೆಯ ವರ್ಷದಿಂದ. ಆಗ ಒಂದು ದಿನ ಇವರು...